ಧೂಪದಾಳದ ನೀರಿನ ಜಮಾ-ಖರ್ಚು
ಜೌಗುನೆಲವನ್ನು ಕಾಯಲು ಗಣಿತ ಹೇಗೆ ನೆರವಾಗುತ್ತದೆ?

ಮಾಗಿಯ ಚಳಿ ಇನ್ನೂ ಬಿಡದ ಮುಂಜಾವಿನಲ್ಲಿ ಧೂಪದಾಳದ ಒಡ್ಡಿನ ಮೇಲೆ ನಿಂತು ನೋಡಿದವರಿಗೆ ಆ ನೋಟ ಸುಲಭವಾಗಿ ಮರೆಯುವಂಥದಲ್ಲ. ಮಂಜಿನ ತೆರೆ ನಿಧಾನವಾಗಿ ಸರಿಯುತ್ತಿದ್ದಂತೆ ಹಿನ್ನೀರಿನ ನಡುನಡುವೆ ಎದ್ದಿರುವ ನಡುಗಡ್ಡೆಗಳೂ, ಅವುಗಳ ಸುತ್ತ ಬೆಳೆದ ಜೊಂಡೂ, ಜೊಂಡಿನ ಅಂಚಿನಲ್ಲಿ ಒಂಟಿಗಾಲಿನ ತಪಸ್ವಿಗಳಂತೆ ನಿಂತ ಹಕ್ಕಿಗಳೂ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಸಾವಿರಾರು ಮೈಲಿ ಹಾರಿ ಬರುವ ಕ್ರೌಂಚಗಳಿಗೂ ಯೂರೋಪಿನ ಬಿಳಿ ಕೊಕ್ಕರೆಗಳಿಗೂ ಹೆಸರಾದ ತಾಣ ಇದು. 29.78 ಚದರ ಕಿಲೋಮೀಟರುಗಳ ಈ ಪ್ರದೇಶವನ್ನು 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು.

ಆದರೆ ಈ ಸರೋವರ ಪ್ರಕೃತಿ ತಾನಾಗಿ ನಿರ್ಮಿಸಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಬರಗಾಲದ ಬೇಗೆಯಿಂದ ಬೆಂದ ಸೀಮೆಗೆ ನೀರುಣಿಸಲೆಂದು ಘಟಪ್ರಭಾ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿದರು. 1897ರಲ್ಲಿ ಅದು ಮುಗಿಯಿತು. ಮನುಷ್ಯ ತನ್ನ ಹೊಲಕ್ಕಾಗಿ ನಿಲ್ಲಿಸಿದ ನೀರಿನಲ್ಲಿ ಹಕ್ಕಿಗಳು ತಮ್ಮ ಮನೆಯನ್ನು ಕಂಡುಕೊಂಡವು. ಕಾಲಾಂತರದಲ್ಲಿ ಮೇಲ್ಭಾಗದ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ ಎದ್ದಿತು. 51 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲ ಆ ಜಲಾಶಯದಿಂದ ಬಿಟ್ಟ ನೀರೂ, ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿಯ ನೀರೂ ಕೂಡಿ ಧೂಪದಾಳಕ್ಕೆ ಇಳಿಯುತ್ತವೆ. ಅಲ್ಲಿಂದ ಒಂದು ಪಾಲು ಎಡದಂಡೆಯ ಕಾಲುವೆಯನ್ನು ಹಿಡಿದು ಗೋಕಾಕ, ಮೂಡಲಗಿಗಳ ಹೊಲಗಳತ್ತ ನಡೆದರೆ, ಮತ್ತೊಂದು ಪಾಲು ನದಿಯಾಗಿಯೇ ಮುಂದೆ ಸಾಗಿ 171 ಅಡಿಗಳ ಗೋಕಾಕ ಜಲಪಾತವಾಗಿ ಧುಮುಕುತ್ತದೆ.

ಹೀಗೆ ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರು ತಾಲೂಕುಗಳನ್ನು ಒಂದೇ ನೀರು ಒಂದು ಕುಟುಂಬವನ್ನಾಗಿ ಮಾಡಿದೆ. ಕುಟುಂಬವೆಂದ ಮೇಲೆ ಜಮಾ-ಖರ್ಚು ಇರಲೇಬೇಕಲ್ಲವೆ? ಆ ಲೆಕ್ಕದ ಪುಸ್ತಕವನ್ನೇ ವಿಜ್ಞಾನಿಗಳು ‘ಗಣಿತದ ಮಾದರಿ’ ಎಂಬ ಗಂಭೀರ ಹೆಸರಿನಿಂದ ಕರೆಯುತ್ತಾರೆ.

ಅತಿಯಾದ ಅಮೃತ

ಕೊಳೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವಿಷ. ಆದರೆ ಇಲ್ಲಿ ಹೇಳಹೊರಟಿರುವ ಕೊಳೆ ವಿಷವಲ್ಲ, ಆಹಾರ. ಸಾರಜನಕ ಮತ್ತು ರಂಜಕಗಳಿಲ್ಲದೆ ಒಂದು ಹುಲ್ಲುಕಡ್ಡಿಯೂ ಬೆಳೆಯಲಾರದು. ಕಬ್ಬಿನ ಗದ್ದೆಗೆ ರೈತನು ಹಾಕುವ ರಸಗೊಬ್ಬರದಲ್ಲಿರುವುದು ಅವೇ. ನಾವು ಉಣ್ಣುವ ಅನ್ನದಲ್ಲಿಯೂ, ನಮ್ಮ ದೇಹ ಹೊರಹಾಕುವ ಮಲಮೂತ್ರಗಳಲ್ಲಿಯೂ ಅವೇ ಇವೆ. ಅಮೃತವೂ ಅತಿಯಾದರೆ ವಿಷವೆಂಬ ಮಾತಿಗೆ ಇವುಗಳಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಗದ್ದೆಯಿಂದಲೂ ಗಟಾರದಿಂದಲೂ ಹರಿದು ಬಂದ ಈ ಪೋಷಕಾಂಶಗಳು ನಿಂತ ನೀರನ್ನು ಸೇರಿದಾಗ ಅಲ್ಲಿ ಪಾಚಿಗೆ ಹಬ್ಬವಾಗುತ್ತದೆ. ನೀರು ಮೊದಲು ಹಸಿರಾಗುತ್ತದೆ. ಬಿಸಿಲು ತಳಕ್ಕೆ ಇಳಿಯುವುದು ನಿಲ್ಲುತ್ತದೆ. ತಳದ ಸಸ್ಯಗಳು ಸಾಯುತ್ತವೆ. ಬಳಿಕ ಪಾಚಿಯೂ ಸತ್ತು ಕೊಳೆಯತೊಡಗುತ್ತದೆ. ಕೊಳೆಯುವ ಕ್ರಿಯೆಗೆ ಆಮ್ಲಜನಕ ಬೇಕು. ನೀರಿನಲ್ಲಿ ಕರಗಿದ್ದ ಆಮ್ಲಜನಕವೆಲ್ಲ ಅದಕ್ಕೇ ವೆಚ್ಚವಾಗಿ, ಮೀನುಗಳು ನೀರಿನಲ್ಲಿದ್ದೂ ಉಸಿರುಗಟ್ಟಿ ತೇಲುತ್ತವೆ. ಮೀನು ಹೋದ ಮೇಲೆ ಮೀನನ್ನು ನೆಚ್ಚಿದ ಹಕ್ಕಿಗೂ, ಬಲೆಯನ್ನು ನೆಚ್ಚಿದ ಸಂಸಾರಕ್ಕೂ ಅಲ್ಲಿ ಏನು ಕೆಲಸ?

ಎಷ್ಟು ರಂಜಕಕ್ಕೆ ಎಷ್ಟು ಪಾಚಿ? ಇದಕ್ಕೆ ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಿಂದ ಬೆಳೆಸಿಕೊಂಡು ಬಂದ ವಿಚಾರ ದಾರಿ ತೋರಿಸಿತು. ಕಡಲಿನ ಸೂಕ್ಷ್ಮ ಸಸ್ಯಗಳ ಮೈಯಲ್ಲಿ ರಂಜಕದ ಒಂದು ಪರಮಾಣುವಿಗೆ ಸಾರಜನಕದ 16, ಇಂಗಾಲದ 106 ಪರಮಾಣುಗಳಿರುತ್ತವೆಂಬುದೇ ಆ ಪ್ರಮಾಣ. ಈ ಸೂತ್ರದಂತೆ ಗುಣಿಸಿದರೆ ಒಂದು ಕಿಲೋ ರಂಜಕವು ನೂರು ಕಿಲೋಗೂ ಮಿಕ್ಕಿದ ಒಣ ಪಾಚಿಯನ್ನು ಬೆಳೆಸಬಲ್ಲದು; ಆ ಪಾಚಿ ಪೂರ್ತಿಯಾಗಿ ಕೊಳೆಯಲು ಸುಮಾರು 140 ಕಿಲೋ ಆಮ್ಲಜನಕ ಬೇಕು. ಬೆಚ್ಚಗಿನ ನೀರಿನ ಒಂದು ಲೀಟರಿನಲ್ಲಿ ಕರಗಿರಬಲ್ಲ ಆಮ್ಲಜನಕ ಎಂಟು ಮಿಲಿಗ್ರಾಂ ಮಾತ್ರ. ಅಂದರೆ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಕಿಲೋ ರಂಜಕ, ಒಂದೂಮುಕ್ಕಾಲು ಕೋಟಿ ಲೀಟರ್ ನೀರಿನ ಉಸಿರನ್ನು ಹೀರಬಲ್ಲದು!

ಪರದೆ ಕಟ್ಟಿದ ಸರೋವರ

ಸಾರಜನಕ, ರಂಜಕ, ಇಂಗಾಲ ಈ ಮೂವರಲ್ಲಿ ಮುಖ್ಯ ಅಪರಾಧಿ ಯಾರೆಂಬ ವಿಷಯದಲ್ಲಿ 1960ರ ದಶಕದ ಕೊನೆಯವರೆಗೂ ದೊಡ್ಡ ವಾದವೇ ನಡೆದಿತ್ತು. ಅದನ್ನು ತೀರ್ಮಾನಿಸಲು ಕೆನಡಾದ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಒಂದು ಉಪಾಯ ಹೂಡಿದರು. ಕಾಡಿನ ನಡುವಿನ, 226 ಎಂಬ ಸಂಖ್ಯೆಯಿಂದಲೇ ಗುರುತಿಸಲಾಗುವ ಸರೋವರವೊಂದಕ್ಕೆ ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ, ಸಾರಜನಕಗಳನ್ನು ಮಾತ್ರ ಬೆರೆಸಿದರು. ಮತ್ತೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಸೇರಿಸಿದರು. ಕೆಲವೇ ವಾರಗಳಲ್ಲಿ ರಂಜಕ ಬಿದ್ದ ಪಾಲು ದಟ್ಟ ಹಸಿರಾಯಿತು. ಮತ್ತೊಂದು ಪಾಲು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಸರೋವರದ ಚಿತ್ರ ಎಷ್ಟೋ ಗ್ರಂಥಗಳ ವಾದಕ್ಕಿಂತ ಹೆಚ್ಚಿನ ಕೆಲಸ ಮಾಡಿತು.

ಹಾಗೆಂದು ಸಾರಜನಕವನ್ನು ನಿರ್ದೋಷಿಯೆಂದು ಬಿಟ್ಟುಬಿಡುವಂತಿಲ್ಲ. ಅದು ನೈಟ್ರೇಟಿನ ರೂಪದಲ್ಲಿ ನೆಲಕ್ಕೆ ಇಂಗಿ ಬಾವಿಯ ನೀರನ್ನು ಸೇರುತ್ತದೆ. ಕುಡಿಯುವ ನೀರಿನ ಲೀಟರೊಂದರಲ್ಲಿ ನೈಟ್ರೇಟು 45 ಮಿಲಿಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ನಿಯಮವಿದೆ. ಅದು ಮಿತಿಮೀರಿದ ನೀರಿನಲ್ಲಿ ಹಾಲಿನ ಪುಡಿಯನ್ನು ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟುವ ಅಪಾಯವುಂಟು. ಕಾಲುವೆಯ ನೀರೂ ರಸಗೊಬ್ಬರವೂ ಯಥೇಚ್ಛವಾಗಿ ಹರಿಯುವ ಕಬ್ಬಿನ ಸೀಮೆಯ ತಾಯಂದಿರು ಇದನ್ನು ನೆನಪಿನಲ್ಲಿಡಬೇಕು.

ಅಡತಿ ಅಂಗಡಿಯ ಕೀರ್ದಿ

ಈಗ ಗಣಿತಕ್ಕೆ ಬರೋಣ. ಹೆದರಬೇಕಾಗಿಲ್ಲ, ಬೆಲ್ಲದ ಅಡತಿಯ ಗುಮಾಸ್ತರಿಗೆ ಬರುವಷ್ಟು ಗಣಿತ ಇಲ್ಲಿ ಸಾಕು. ಅಂಗಡಿಗೆ ಬಂದ ಪೆಂಟೆಗಳು ಜಮಾ, ಹೊರಟ ಪೆಂಟೆಗಳು ಖರ್ಚು, ಕರಗಿ ಹೋದದ್ದು ತೂಟು, ಉಳಿದದ್ದು ಶಿಲ್ಕು. ಕೆರೆಯ ಕೀರ್ದಿಯೂ ಹೀಗೆಯೇ. ಹಳ್ಳ, ಗಟಾರ, ಗದ್ದೆಗಳಿಂದ ಬಂದ ರಂಜಕ ಜಮೆಯ ಬದಿಗೆ. ಕೋಡಿಯಿಂದಲೂ ಕಾಲುವೆಯಿಂದಲೂ ಹೊರಹೋದದ್ದು ಖರ್ಚಿನ ಬದಿಗೆ. ಕೆಸರಿನಲ್ಲಿ ಹೂತುಹೋದದ್ದು ತೂಟಿನ ಬದಿಗೆ. ನೀರಿನಲ್ಲಿ ಉಳಿದ ಶಿಲ್ಕೇ ಪಾಚಿಯ ಬಂಡವಾಳ.

ನದಿಯ ನೀರಿಗೆ ಇಂಥ ಲೆಕ್ಕವನ್ನು ಮೊದಲು ಕಟ್ಟಿದವರು ಸ್ಟ್ರೀಟರ್ ಮತ್ತು ಫೆಲ್ಪ್ಸ್. ಅಮೆರಿಕದ ಓಹಾಯೊ ನದಿಯಲ್ಲಿ ಕೊಳೆ ಬಿದ್ದ ಕೆಳಭಾಗದಲ್ಲಿ ಆಮ್ಲಜನಕ ಹೇಗೆ ಕುಸಿದು, ಎಷ್ಟು ದೂರದಲ್ಲಿ ಮತ್ತೆ ಚೇತರಿಸಿಕೊಳ್ಳುತ್ತದೆಂಬುದನ್ನು 1925ರಲ್ಲಿ ಅವರು ಸಮೀಕರಣವಾಗಿ ಬರೆದರು. ಸರೋವರಗಳ ಪೋಷಕಾಂಶಗಳ ಲೆಕ್ಕಕ್ಕೆ ಹಾದಿ ಹಾಕಿದವರು ರಿಚರ್ಡ್ ಫೋಲೆನ್‌ವೈಡರ್. 1968ರ ವರದಿಯೊಂದರಿಂದ ಆರಂಭಿಸಿ ಮುಂದಿನ ವರ್ಷಗಳಲ್ಲಿ ಅವರು ರೂಪಿಸಿದ ಸೂತ್ರವನ್ನು ಬಾಯಿಮಾತಿನಲ್ಲಿಯೇ ಹೇಳಬಹುದು: ಒಳಬರುವ ನೀರಿನ ರಂಜಕದ ಸಾಂದ್ರತೆಯನ್ನು, ನೀರು ಕೆರೆಯಲ್ಲಿ ತಂಗುವ ಕಾಲದ ವರ್ಗಮೂಲಕ್ಕೆ ಒಂದನ್ನು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿರಿ, ಬಂದ ಉತ್ತರವೇ ಕೆರೆಯ ಸಾಂದ್ರತೆ. ತಂಗುವ ಕಾಲವನ್ನು ವರ್ಷಗಳಲ್ಲಿ ಎಣಿಸಬೇಕು, ಅಷ್ಟೇ.

ಒಂದು ಕಲ್ಪಿತ ಕೆರೆಯನ್ನು ತೆಗೆದುಕೊಳ್ಳೋಣ. ಇದು ಧೂಪದಾಳದ ಅಳತೆಯಲ್ಲ, ಲೆಕ್ಕ ಕಲಿಯಲು ಹೂಡಿದ ಉದಾಹರಣೆ. ವಿಸ್ತಾರ 100 ಹೆಕ್ಟೇರು, ಸರಾಸರಿ ಆಳ 2 ಮೀಟರು. ಆದ್ದರಿಂದ ಹಿಡಿಯುವ ನೀರು 20 ಲಕ್ಷ ಘನಮೀಟರು. ವರ್ಷಕ್ಕೆ 200 ಲಕ್ಷ ಘನಮೀಟರು ನೀರು ಬರುತ್ತದೆಂದರೆ ತಂಗುವ ಕಾಲ ವರ್ಷದ ಹತ್ತನೆಯ ಒಂದು ಪಾಲು, ಸುಮಾರು 36 ದಿನ. ಆ ನೀರಿನೊಡನೆ ವರ್ಷಕ್ಕೆ 2,000 ಕಿಲೋ ರಂಜಕ ಬಂದರೆ ಘನಮೀಟರಿಗೆ 100 ಮಿಲಿಗ್ರಾಂ ಆಯಿತು. ಸೂತ್ರದಂತೆ ಕೆರೆಯಲ್ಲಿ ಉಳಿಯುವುದು 76 ಮಿಲಿಗ್ರಾಂ. ವಾರ್ಷಿಕ ಸರಾಸರಿ 35 ಮಿಲಿಗ್ರಾಮನ್ನು ಮೀರಿದರೆ ಕೆರೆ ಪಾಚಿಯ ಹಾದಿ ಹಿಡಿಯಿತೆಂಬುದು ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಗೆರೆ. ನಮ್ಮ ಕೆರೆ ಆ ಗೆರೆಯನ್ನು ಇಮ್ಮಡಿಗೂ ಮಿಕ್ಕಿ ದಾಟಿದೆ.

ಈಗ ಮಳೆ ಕೈಕೊಟ್ಟಿತೆನ್ನಿ. ನೀರು ಅರ್ಧಕ್ಕಿಳಿಯಿತು, ಊರಿನ ಗಟಾರವಂತೂ ಬರಗಾಲವೆಂದು ಬತ್ತುವುದಿಲ್ಲ, ರಂಜಕ ಅಷ್ಟೇ ಬಂದಿತು. ಲೆಕ್ಕ ಹಾಕಿದರೆ ಕೆರೆಯ ಸಾಂದ್ರತೆ 138 ಮಿಲಿಗ್ರಾಂ! ಯಾರೂ ಹೊಸದಾಗಿ ಒಂದು ಗ್ರಾಂ ಕೊಳೆಯನ್ನು ಹಾಕದಿದ್ದರೂ ಕೆರೆ ಸುಮಾರು ಇಮ್ಮಡಿ ಕೆಟ್ಟಿತು. ಬರಿಗಣ್ಣಿಗೆ ಕಾಣದ ಇಂಥ ಸಂಬಂಧಗಳನ್ನು ಮುಂದಾಗಿ ತೋರಿಸುವುದೇ ಮಾದರಿಯ ಮಹತ್ವ. 2019ರ ಆಗಸ್ಟಿನಲ್ಲಿ ಗೋಕಾಕವನ್ನು ಮುಳುಗಿಸಿದಂಥ ಮಹಾಪೂರದಲ್ಲಿ ನೀರು ಅಣೆಕಟ್ಟನ್ನು ಹಾದು ಓಡಿಹೋಗುತ್ತದೆ; ಬೇಸಿಗೆಯಲ್ಲಿ ಅದೇ ನೀರು ತಂಗುತ್ತದೆ, ಕಾಯುತ್ತದೆ, ಹಸಿರಾಗುತ್ತದೆ. ಒಂದೇ ನದಿಗೆ ಎರಡು ಸ್ವಭಾವ. ಲೆಕ್ಕವೂ ಋತುವಿಗೆ ತಕ್ಕಂತೆ ಬೇರೆಯಾಗಬೇಕು.

ಜೊಂಡಿನ ಜಾಣತನ

ಕೊಳೆಯನ್ನು ಸೇರಿಸುವವರು ನಾವಾದರೆ, ಕಳೆಯುವವರೂ ಇದ್ದಾರೆ. ಜೌಗಿನಲ್ಲಿ ಬೆಳೆದ ಜೊಂಡು, ಆಪುಗಳ ಬೇರುಗಳಿಗೆ ಅಂಟಿಕೊಂಡ ಕೋಟ್ಯಂತರ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಅನಿಲವಾಗಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಹೀಗೆ ಹಾರಿಹೋಗುವ ಭಾಗ್ಯವಿಲ್ಲ. ಅದು ಗಿಡದ ಮೈಯನ್ನೋ ತಳದ ಕೆಸರನ್ನೋ ಸೇರಬೇಕು. ಅಮೆರಿಕದ ಹೌಟನ್ ಲೇಕ್ ಎಂಬಲ್ಲಿ 1978ರಿಂದ ಊರಿನ ಸಂಸ್ಕರಿಸಿದ ಕೊಳೆನೀರನ್ನು ಜೌಗಿಗೆ ಹಾಯಿಸಿ, ಅಲ್ಲಿ ನಡೆಯುವ ವ್ಯಾಪಾರವನ್ನೆಲ್ಲ ವರ್ಷಗಟ್ಟಲೆ ಅಳೆದವರು ರಾಬರ್ಟ್ ಕ್ಯಾಡ್ಲೆಕ್. ಆ ಬಗೆಯ ಅಳತೆಗಳಿಂದ ಹುಟ್ಟಿದ ಸೂತ್ರ ಚಕ್ರಬಡ್ಡಿಯನ್ನು ತಿರುಗಿಸಿ ಹಿಡಿದಂತಿದೆ: ಪ್ರತಿದಿನವೂ ಉಳಿದದ್ದರಲ್ಲಿ ಇಷ್ಟು ಪಾಲು ಕಳೆಯುತ್ತದೆ.

ದಿನಕ್ಕೆ ನೂರಕ್ಕೆ ಹತ್ತರಂತೆ ಕಳೆಯುತ್ತದೆಂದು ಹಿಡಿದರೆ ಹತ್ತು ದಿನ ಜೊಂಡಿನಲ್ಲಿ ಹರಿದಾಡಿದ ನೀರಿನಲ್ಲಿ ನೂರರಲ್ಲಿ 35 ಪಾಲು ಮಾತ್ರ ಉಳಿಯುತ್ತದೆ. ಹಾಗಾದರೆ ನಮ್ಮ ಕಲ್ಪಿತ ಕೆರೆಯ ಬಾಯಲ್ಲಿ ಜೊಂಡು ಬೆಳೆಸಿದರಾಯಿತಲ್ಲ ಎನ್ನುವಿರಾ? ತಾಳಿ, ಲೆಕ್ಕ ಕೇಳೋಣ. ದಿನಕ್ಕೆ ಬರುವ ನೀರು ಸುಮಾರು 55 ಸಾವಿರ ಘನಮೀಟರು. ಅದನ್ನು ಅರ್ಧ ಮೀಟರು ಆಳದಲ್ಲಿ ಹತ್ತು ದಿನ ನಿಲ್ಲಿಸಲು 110 ಹೆಕ್ಟೇರು ಜೌಗು ಬೇಕು, ಕೆರೆಗಿಂತಲೂ ದೊಡ್ಡದು! ಆದರೆ ರಂಜಕದ ಬಹುಪಾಲು ಎಲ್ಲಿಂದ ಬಂದಿತು? ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಗ್ರಾಂ ರಂಜಕವನ್ನು ವಿಸರ್ಜಿಸುತ್ತಾನೆಂದು ಹಿಡಿದರೆ 5,000 ಜನರ ಊರಿನಿಂದ ವರ್ಷಕ್ಕೆ 1,825 ಕಿಲೋ. ನಮ್ಮ 2,000 ಕಿಲೋಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಅದೇ. ಆ ಊರಿನ ಗಟಾರದ ನೀರು ತಲೆಗೆ 80 ಲೀಟರಿನಂತೆ ದಿನಕ್ಕೆ 400 ಘನಮೀಟರು. ಅದನ್ನು ಮಾತ್ರ ಹತ್ತು ದಿನ ನಿಲ್ಲಿಸಲು ಎಷ್ಟು ಜಾಗ ಬೇಕು? ಎರಡೇ ಎಕರೆ!

ಕೆರೆಯ ಬಾಯಲ್ಲಿ 110 ಹೆಕ್ಟೇರು. ಗಟಾರದ ಬಾಯಲ್ಲಿ ಎರಡು ಎಕರೆ. ಹನ್ನೆರಡು ಸಭೆಗಳಲ್ಲಿ ಬಗೆಹರಿಯದ ಚರ್ಚೆಯನ್ನು ಕಾಗದದ ಅರ್ಧ ಹಾಳೆ ಬಗೆಹರಿಸಿತು. ಹೀಗೆ ಮಾಡಿದರೆ ಕೆರೆಗೆ ಬರುವ ರಂಜಕ ಸುಮಾರು 815 ಕಿಲೋಗೆ ಇಳಿದು, ಸಾಂದ್ರತೆ 31 ಮಿಲಿಗ್ರಾಮಿಗೆ, ಎಂದರೆ ಗೆರೆಯ ಒಳಗೆ ಬರುತ್ತದೆ. ಆದರೆ ಲೆಕ್ಕವು ಸಂತೋಷದ ಸುದ್ದಿಯನ್ನಷ್ಟೇ ಹೇಳುವ ಆಸ್ಥಾನ ಜ್ಯೋತಿಷಿಯಲ್ಲ. ಬರದ ವರ್ಷದಲ್ಲಿ ಅದೇ ಕೆರೆ 56ಕ್ಕೆ ಏರುತ್ತದೆಂದೂ ಅದೇ ಹಾಳೆ ಎಚ್ಚರಿಸುತ್ತದೆ.

ಬೆಂಗಳೂರಿನ ಎರಡು ಪಾಠಗಳು

ಲೆಕ್ಕವನ್ನು ಮರೆತರೆ ಆಗುವುದೇನೆಂಬುದನ್ನು ನಮ್ಮ ರಾಜಧಾನಿಯೇ ತೋರಿಸಿಕೊಟ್ಟಿದೆ. ನಗರದ ಕೊಳಚೆಯನ್ನು ದಶಕಗಳ ಕಾಲ ಹೊತ್ತ ಬೆಳ್ಳಂದೂರು ಕೆರೆಯಿಂದ 2015ರಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಕೆರೆಯಂಗಳದಲ್ಲಿ ಬೆಂಕಿ ಹತ್ತಿ ಉರಿಯಿತು. ನೀರಿನ ಮನೆಗೇ ಬೆಂಕಿ! ಅದೇ ನಗರದ ಜಕ್ಕೂರಿನಲ್ಲಿ ಬೇರೊಂದು ದೃಶ್ಯವಿದೆ. ಅಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರನ್ನು ಜೊಂಡಿನ ಜೌಗಿನಲ್ಲಿ ಹಾಯಿಸಿ ಆಮೇಲೆ ಕೆರೆಗೆ ಬಿಡುವ ಏರ್ಪಾಡಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ಈ ಏರ್ಪಾಡಿನಲ್ಲಿ ಪೋಷಕಾಂಶಗಳು ಎಲ್ಲೆಲ್ಲಿ ಎಷ್ಟೆಷ್ಟು ಕಳೆಯುತ್ತವೆಂಬುದನ್ನು ಅಳೆದು ಅಧ್ಯಯನ ಮಾಡಿದ್ದಾರೆ.

ಕೆಸರಿನ ಹಳೆಯ ಸಾಲ

ಇಲ್ಲೊಂದು ತೊಡಕಿದೆ. ಕೆಸರಿನಲ್ಲಿ ಹೂತ ರಂಜಕ ತೀರಿದ ಸಾಲವಲ್ಲ, ಮುಂದೆ ಹಾಕಿದ ಸಾಲ. ಕಬ್ಬಿಣದ ಅಂಶಕ್ಕೆ ಅಂಟಿಕೊಂಡು ಸುಮ್ಮನಿದ್ದ ಅದು, ತಳದ ನೀರಿನಲ್ಲಿ ಆಮ್ಲಜನಕ ಮುಗಿದೊಡನೆ ಕಟ್ಟು ಕಳಚಿ ಮೇಲೇಳುತ್ತದೆ. ಇಂಗ್ಲೆಂಡಿನ ಸರೋವರಗಳಲ್ಲಿ ಮಾರ್ಟಿಮರ್ 1941ರ ಹೊತ್ತಿಗೇ ಇದನ್ನು ತೋರಿಸಿಕೊಟ್ಟಿದ್ದರು. ಸ್ವೀಡನ್ನಿನ ಟ್ರುಮ್ಮೆನ್ ಸರೋವರಕ್ಕೆ ಕೊಳಚೆ ಬಿಡುವುದನ್ನು ನಿಲ್ಲಿಸಿದ ಮೇಲೂ ಅದು ಚೇತರಿಸಲಿಲ್ಲ. ಕೊನೆಗೆ 1970 ಮತ್ತು 1971ರಲ್ಲಿ ತಳದ ಕೆಸರನ್ನೇ ತೆಗೆಯಬೇಕಾಯಿತು. ಆದ್ದರಿಂದ ಕೀರ್ದಿಯಲ್ಲಿ ಕೆಸರಿಗೂ ಒಂದು ಖಾತೆ ತೆರೆಯಬೇಕು.

ಮಾದರಿಯನ್ನು ಕುರುಡಾಗಿ ನಂಬುವುದೂ ತಪ್ಪು. ಅಳತೆಯಿಲ್ಲದ ಮಾದರಿ ತಕ್ಕಡಿಯಿಲ್ಲದ ಅಂಗಡಿಯಂತೆ. ಸಂಗ್ರಹಿಸಿದ ಅಳತೆಗಳಲ್ಲಿ ಒಂದು ಭಾಗದಿಂದ ಸೂತ್ರವನ್ನು ಹದಗೊಳಿಸಿ, ಉಳಿದ ಭಾಗವನ್ನು ಮುಚ್ಚಿಟ್ಟು, ಸೂತ್ರ ಹೇಳಿದ ಉತ್ತರ ಅದಕ್ಕೆ ತಾಳೆಯಾಗುವುದೇ ಎಂದು ಪರೀಕ್ಷಿಸಬೇಕು. ತಾಳೆಯಾಗದಿದ್ದರೆ ತಪ್ಪು ನದಿಯದಲ್ಲ, ಸೂತ್ರದ್ದು.

ಯಾರ ಖರ್ಚು, ಯಾರ ಜಮಾ?

ಮತ್ತೆ ಧೂಪದಾಳಕ್ಕೆ ಮರಳೋಣ. ಇಲ್ಲಿಯ ಕೀರ್ದಿ ಬರೆಯಹೊರಟವರು ತಿಂಗಳು ತಿಂಗಳೂ ಅಳೆಯಬೇಕಾದುದು ನಾಲ್ಕು ಬಾಗಿಲುಗಳಲ್ಲಿ: ಹಿಡಕಲ್ಲಿನಿಂದ ಇಳಿಯುವ ನೀರು, ಹಿರಣ್ಯಕೇಶಿ ತರುವ ನೀರು, ಕಾಲುವೆಗೆ ಹೊರಡುವ ನೀರು, ಜಲಪಾತದತ್ತ ಸಾಗುವ ನೀರು. ಇವುಗಳ ನಡುವೆ ಹಬ್ಬಿದ ಕಬ್ಬಿನ ಗದ್ದೆಗಳೂ ಇವೆ. ನೀರಾವರಿಯ ಕಬ್ಬಿಗೆ ಹೆಕ್ಟೇರಿಗೆ ಸುಮಾರು 250 ಕಿಲೋ ಸಾರಜನಕ ಕೊಡಬೇಕೆಂದು ಕೃಷಿ ತಜ್ಞರ ಶಿಫಾರಸು. ಅದರಲ್ಲಿ ನೂರಕ್ಕೆ ಐದು ಪಾಲು ಬಸಿದುಹೋದರೂ ಹತ್ತು ಸಾವಿರ ಹೆಕ್ಟೇರಿಗೆ 1,25,000 ಕಿಲೋ ಆಯಿತು. ಇದು ನೀರಿಗೆ ಮಾತ್ರವಲ್ಲ, ರೈತನ ಕಿಸೆಗೂ ನಷ್ಟ. ಮಣ್ಣು ಪರೀಕ್ಷೆ ಮಾಡಿಸಿ, ಗೊಬ್ಬರವನ್ನು ಕಂತುಗಳಲ್ಲಿ ಕೊಟ್ಟು, ಹನಿ ನೀರಾವರಿಯನ್ನು ಹಿಡಿದು, ಹಳ್ಳದ ದಂಡೆಗೆ ಹುಲ್ಲಿನ ಪಟ್ಟಿಯನ್ನು ಬಿಟ್ಟರೆ ಎರಡೂ ಉಳಿಯುತ್ತವೆ. ಪಟ್ಟಣದ ಗೃಹಿಣಿಗೂ ಇದರಲ್ಲಿ ಪಾಲಿದೆ: ಬಟ್ಟೆ ಒಗೆಯುವ ಪುಡಿಯನ್ನು ಕೊಳ್ಳುವಾಗ ಅದರಲ್ಲಿ ಫಾಸ್ಫೇಟು ಇದೆಯೇ ಎಂದು ನೋಡುವುದೂ ಕೀರ್ದಿಯ ಒಂದು ಸಾಲೇ.

ಈ ಕೀರ್ದಿಯ ನಿಜವಾದ ಸೊಗಸು ಇರುವುದು ಇಲ್ಲಿ: ಹುಕ್ಕೇರಿಯ ಖರ್ಚು ಧೂಪದಾಳದ ಜಮಾ, ಧೂಪದಾಳದ ಖರ್ಚು ಗೋಕಾಕ, ಮೂಡಲಗಿಗಳ ಜಮಾ. ಮೇಲಿನವನು ಕೈತೊಳೆದುಕೊಂಡ ನೀರು ಕೆಳಗಿನವನ ಬಿಂದಿಗೆ ಸೇರುತ್ತದೆ. ಹೊಳೆಗೆ ಬಿಟ್ಟದ್ದು ಹೋಯಿತೆಂದು ನಾವು ತಿಳಿಯುತ್ತೇವೆ. ಗಣಿತ ಮಾತ್ರ ಹಾಗೆ ತಿಳಿಯುವುದಿಲ್ಲ. ಅದು ಪ್ರತಿಯೊಂದು ಗ್ರಾಮನ್ನೂ ಹೆಸರು ಹಿಡಿದು ಕೂಗಿ, ನೀನು ಈಗ ಎಲ್ಲಿರುವೆ ಎಂದು ಕೇಳುತ್ತದೆ.

ಮುಂದಿನ ಮಾಗಿಯಲ್ಲಿಯೂ ಕ್ರೌಂಚಗಳು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಹಾರಿಬರುತ್ತವೆ. ಅವುಗಳಿಗೆ ಸೂತ್ರ ತಿಳಿಯದು, ಸಮೀಕರಣ ಬಾರದು. ತಿಳಿನೀರು ಇದ್ದರೆ ಇಳಿಯುತ್ತವೆ, ಇಲ್ಲದಿದ್ದರೆ ಸುಮ್ಮನೆ ಮುಂದಕ್ಕೆ ಹಾರುತ್ತವೆ. ಲೆಕ್ಕವನ್ನು ಸರಿಯಾಗಿ ಇಟ್ಟುಕೊಳ್ಳಬೇಕಾದವರು ನೆಲದ ಮೇಲಿರುವ ನಾವು.